ಚೇಂಬರಿನ ಪಕ್ಕದಲ್ಲಿ ಕುಳಿತು: ಹೈಪರ್‌ಬೇರಿಕ್ ಆಕ್ಸಿಜನ್ ಚಿಕಿತ್ಸೆ ನೀಡುವವಳ ಅನುಭವ

ಬೆಳಗಾವಿಯ ಆಸ್ಪತ್ರೆಯೊಂದರ ಗಾಯ ಆರೈಕೆ ವಿಭಾಗದಲ್ಲಿ ಶುಶ್ರೂಷಕಿಯಾಗಿರುವ ನಾನು ಹೈಪರ್‌ಬೇರಿಕ್ ಆಕ್ಸಿಜನ್ ಚೇಂಬರ್, ಅಂದರೆ ರೋಗಿಯನ್ನು ಮಲಗಿಸಿ ಹೆಚ್ಚಿನ ಒತ್ತಡದಲ್ಲಿ ಶುದ್ಧ ಆಕ್ಸಿಜನ್ ಉಸಿರಾಡಿಸುವ ಮುಚ್ಚಿದ ಕೊಳವೆಯನ್ನು ನಡೆಸುವ ಹೊಣೆಯನ್ನೂ ನೋಡಿಕೊಳ್ಳುತ್ತೇನೆ. ನಮ್ಮಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಸಕ್ಕರೆ ಕಾಯಿಲೆಯಿಂದ ಕಾಲಿನ ಹುಣ್ಣು ಮಾಯದೆ ಉಳಿದವರು: ಗೋಕಾಕ, ಜಮಖಂಡಿ ಕಡೆಯ ರೈತರು, ರಬಕವಿ-ಬನಹಟ್ಟಿಯ ನೇಕಾರರು. ಇನ್ನು ಕೆಲವರು ಬಾಯಿಯ ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ಪಡೆದು, ವರ್ಷಗಳ ನಂತರ ದವಡೆಯ ಎಲುಬು ಕೆಡತೊಡಗಿದವರು. ಚಿಕಿತ್ಸೆಯನ್ನು ವೈದ್ಯರು ಬರೆದುಕೊಡುತ್ತಾರೆ. ಆದರೆ ಅದು ಪೂರ್ತಿಯಾಗುವುದೋ ನಡುವೆಯೇ ನಿಲ್ಲುವುದೋ ಎಂಬುದು ಬಹುಮಟ್ಟಿಗೆ ಮೊದಲ ದಿನದ ಮೊದಲ ಕಾಲು ಗಂಟೆಯಲ್ಲಿ ತೀರ್ಮಾನವಾಗುತ್ತದೆ ಎಂದು ನಾನು ಕಂಡುಕೊಂಡಿದ್ದೇನೆ.

ಆಕ್ಸಿಜನ್ನನ್ನು ಮೂಗಿಗೆ ನಳಿಕೆ ಹಾಕಿ ಕೊಟ್ಟರೆ ಸಾಲದೇ, ಈ ಕೊಳವೆಯೊಳಗೆ ಮಲಗಿಸುವುದೇಕೆ ಎಂದು ಮನೆಯವರು ಕೇಳುತ್ತಾರೆ. ಆರೋಗ್ಯವಂತರ ರಕ್ತದಲ್ಲಿರುವ ಹಿಮೋಗ್ಲೋಬಿನ್ ಸಾಮಾನ್ಯ ಗಾಳಿಯಲ್ಲೇ ಶೇ 97ರಷ್ಟು ಆಕ್ಸಿಜನ್ ತುಂಬಿಕೊಂಡಿರುವುದರಿಂದ, ಅದರ ಮೇಲೆ ಇನ್ನಷ್ಟು ಹೇರಲು ಜಾಗವಿಲ್ಲ. ಉಳಿದ ದಾರಿಯೆಂದರೆ ರಕ್ತದ ದ್ರವಭಾಗವಾದ ಪ್ಲಾಸ್ಮಾದಲ್ಲಿ ಅದನ್ನು ಕರಗಿಸುವುದು. ಅನಿಲವೊಂದು ದ್ರವದಲ್ಲಿ ಎಷ್ಟು ಕರಗುತ್ತದೆ ಎಂಬುದು ಅದರ ಒತ್ತಡಕ್ಕೆ ತಕ್ಕಂತೆ ಇರುತ್ತದೆ. ಸಾಮಾನ್ಯ ಗಾಳಿಯಲ್ಲಿ 100 ಮಿಲಿಲೀಟರ್ ರಕ್ತದಲ್ಲಿ ಹೀಗೆ ಕರಗಿರುವ ಆಕ್ಸಿಜನ್ ಸುಮಾರು 0.3 ಮಿಲಿಲೀಟರ್ ಮಾತ್ರ; ವಾತಾವರಣದ ಮೂರು ಪಟ್ಟು ಒತ್ತಡದಲ್ಲಿ ಶುದ್ಧ ಆಕ್ಸಿಜನ್ ಉಸಿರಾಡಿದರೆ ಅದು ಸುಮಾರು 6 ಮಿಲಿಲೀಟರಿಗೆ ಏರುತ್ತದೆ. ವಿಶ್ರಾಂತಿಯಲ್ಲಿರುವ ದೇಹಕ್ಕೆ ಅಷ್ಟೇ ಸಾಕು. ಆಮ್‌ಸ್ಟರ್‌ಡಾಮಿನ ಶಸ್ತ್ರವೈದ್ಯ ಬೂರೆಮಾ ಅವರು 1960ರಲ್ಲಿ, ಕೆಂಪು ರಕ್ತಕಣಗಳನ್ನು ಬಹುಪಾಲು ತೆಗೆದ ಹಂದಿಗಳನ್ನು ಒತ್ತಡದ ಕೊಠಡಿಯಲ್ಲಿ ಬದುಕಿಸಿ ತೋರಿಸಿದ್ದು ಇದೇ ತತ್ವದಿಂದ. ಗಾಯದ ಸುತ್ತ ಸೂಕ್ಷ್ಮ ರಕ್ತನಾಳಗಳು ಹಾಳಾಗಿ ರಕ್ತಕಣಗಳು ತಲುಪಲು ಕಷ್ಟವಾಗುವೆಡೆಗೂ ಕರಗಿದ ಆಕ್ಸಿಜನ್ ಹೆಚ್ಚು ದೂರ ಹರಡುತ್ತದೆ; ಬಿಳಿ ರಕ್ತಕಣಗಳಿಗೆ ಸೋಂಕಿನೊಡನೆ ಹೋರಾಡುವ ಬಲ ಬರುತ್ತದೆ, ಹಲವು ವಾರಗಳಲ್ಲಿ ಹೊಸ ಸೂಕ್ಷ್ಮನಾಳಗಳು ಚಿಗುರುತ್ತವೆ. ಈ ಕೊನೆಯ ಕೆಲಸಕ್ಕೆ ಸಮಯ ಬೇಕಾಗಿರುವುದರಿಂದಲೇ ಚಿಕಿತ್ಸೆಯನ್ನು ವಾರಕ್ಕೆ ಐದು ದಿನದಂತೆ 30ರಿಂದ 40 ಸಲ ಕೊಡಬೇಕಾಗುತ್ತದೆ.

ನಾವು ಸಾಮಾನ್ಯವಾಗಿ ಬಳಸುವ ಒತ್ತಡ ವಾತಾವರಣದ 2ರಿಂದ 2.5 ಪಟ್ಟು. ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿನ ಗಾಳಿಯ ಒತ್ತಡವೇ ಸಮುದ್ರತೀರಕ್ಕಿಂತ ಶೇ 8ರಷ್ಟು ಕಡಿಮೆ. ಮಾಪಕದ ಮುಳ್ಳು ಇಲ್ಲಿನ ಗಾಳಿಯನ್ನೇ ಸೊನ್ನೆಯೆಂದು ಎಣಿಸುವುದರಿಂದ ಆ ಕೊರತೆಯನ್ನು ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು. ರೋಗಿಗೆ ಇದು ಬೇಡವಾದ ವಿಷಯ, ನಡೆಸುವವರು ಮರೆಯಬಾರದ ವಿಷಯ.

ಒಳಗೆ ಕಳಿಸುವ ಮುನ್ನ ನಡೆಯುವ ತಪಾಸಣೆಯಲ್ಲಿ ನಾನು ಸಡಿಲ ಬಿಡುವುದಿಲ್ಲ. ಶುದ್ಧ ಆಕ್ಸಿಜನ್ ತುಂಬಿದ ಜಾಗದಲ್ಲಿ ಒಂದು ಕಿಡಿ ಸಾಕು: 2025ರ ಜನವರಿಯಲ್ಲಿ ಅಮೆರಿಕದ ಮಿಶಿಗನ್‌ನಲ್ಲಿ ಇಂಥ ಚೇಂಬರಿಗೆ ಬೆಂಕಿ ಹೊತ್ತಿ ಐದು ವರ್ಷದ ಬಾಲಕನೊಬ್ಬ ಸತ್ತ. ಆದ್ದರಿಂದ ಪಾಲಿಯೆಸ್ಟರ್ ಸೀರೆ, ಮೊಬೈಲ್, ಬೆಂಕಿಪೊಟ್ಟಣ, ಶ್ರವಣಯಂತ್ರ ಎಲ್ಲವೂ ಹೊರಗೇ ಉಳಿಯುತ್ತವೆ; ನಾವು ಕೊಡುವ ಹತ್ತಿಯ ಅಂಗಿಯನ್ನಷ್ಟೇ ತೊಡಬೇಕು. ತಲೆಗೆ ಎಣ್ಣೆ ಹಚ್ಚಿಕೊಂಡು ಬಂದವರನ್ನು ತಲೆ ತೊಳೆದುಕೊಂಡು ಬರಲು ಹೇಳುತ್ತೇನೆ, ವ್ಯಾಸಲೀನ್ ಸವರಿದ ಹಿಮ್ಮಡಿಯನ್ನು ಒರೆಸುತ್ತೇನೆ. ಆಸ್ಪತ್ರೆಗೆ ಹೋಗುವಾಗ ಚೆನ್ನಾಗಿ ಎಣ್ಣೆ ಹಚ್ಚಿ ತಲೆ ಬಾಚಿಕೊಂಡು ಹೋಗುವ ನಮ್ಮ ಕಡೆಯ ಹೆಂಗಸರಿಗೆ ಇದು ವಿಚಿತ್ರವೆನಿಸುತ್ತದೆ. ಕಾರಣ ತಿಳಿಸಿದರೆ ಮರುದಿನ ತಾವಾಗಿಯೇ ಪಾಲಿಸುತ್ತಾರೆ.

ರಕ್ತದ ಸಕ್ಕರೆಯನ್ನು ಪ್ರತಿ ಸಲವೂ ನೋಡುತ್ತೇವೆ, ಏಕೆಂದರೆ ಒಳಗಿರುವಾಗ ಅದು ಇಳಿಯಬಹುದು. ಶ್ರಾವಣ ಸೋಮವಾರದ ಉಪವಾಸದಲ್ಲಿಯೇ ಇನ್ಸುಲಿನ್ ಚುಚ್ಚಿಕೊಂಡು ಬಂದವರಿಗೆ ಅಂದು ಚೇಂಬರ್ ಇಲ್ಲ. ಊಟ ಮಾಡಿ ಸಕ್ಕರೆ ಸರಿಹೋದ ಮೇಲೆಯೇ ಸರದಿ. ಎದೆಯ ಎಕ್ಸರೆಯಲ್ಲಿ ಪುಪ್ಪುಸದ ಹೊರಗೆ ಗಾಳಿ ಸೇರಿರುವುದು ಕಂಡರೆ, ಅದನ್ನು ಸರಿಪಡಿಸುವವರೆಗೆ ಚಿಕಿತ್ಸೆಯ ಮಾತೇ ಇಲ್ಲ.

ಇನ್ನು ಕಿವಿಯ ವಿಷಯ. ಈ ಚಿಕಿತ್ಸೆಯ ಅಡ್ಡಪರಿಣಾಮಗಳಲ್ಲಿ ಅತಿ ಸಾಮಾನ್ಯವಾದದ್ದು ನಡುಗಿವಿಯ ನೋವು ಮತ್ತು ಪೆಟ್ಟು. ಚೋರ್ಲಾ ಘಾಟಿನಲ್ಲಿ ಗೋವೆಯ ಕಡೆಗೆ ಇಳಿಯುವಾಗ ಕಿವಿ ಕಟ್ಟಿಕೊಳ್ಳುತ್ತದಲ್ಲ, ಇದೂ ಅದೇ ಎಂದರೆ ಇಲ್ಲಿನವರಿಗೆ ತಟ್ಟನೆ ಅರ್ಥವಾಗುತ್ತದೆ. ಆದರೆ ಘಾಟಿನ ಇಳಿತಕ್ಕಿಂತ ಇಲ್ಲಿನ ಒತ್ತಡ ಹತ್ತಾರು ಪಟ್ಟು ಹೆಚ್ಚು ಎಂಬುದನ್ನೂ ಹೇಳಬೇಕು. ಹೊರಗಿನ ಒತ್ತಡ ಏರಿದಂತೆ ಕಿವಿಯ ತಮಟೆ ಒಳಕ್ಕೆ ಬಾಗುತ್ತದೆ. ಗಂಟಲಿನಿಂದ ನಡುಗಿವಿಗೆ ಹೋಗುವ ಸಣ್ಣ ನಳಿಕೆ ತೆರೆದುಕೊಂಡು ಗಾಳಿ ಒಳಹೊಕ್ಕರೆ ಮಾತ್ರ ಎರಡೂ ಕಡೆ ಸಮವಾಗುತ್ತದೆ. ಆ ನಳಿಕೆಯನ್ನು ತೆರೆಯುವುದನ್ನು ನಾನು ಹೊರಗೆ ಕುರ್ಚಿಯಲ್ಲಿ ಕೂರಿಸಿಕೊಂಡೇ ಕಲಿಸುತ್ತೇನೆ. ಮೊದಲು ಉಗುಳು ನುಂಗುವುದು, ಆಮೇಲೆ ದವಡೆಯನ್ನು ಅತ್ತಿತ್ತ ಆಡಿಸುವುದು, ಕೊನೆಗೆ ಮೂಗು ಹಿಡಿದು ಬಾಯಿ ಮುಚ್ಚಿ ಮೆಲ್ಲಗೆ ಊದುವುದು. ಬಲವಾಗಿ ಊದಿದರೆ ಉಪಕಾರಕ್ಕಿಂತ ಅಪಾಯವೇ ಹೆಚ್ಚು. ನೋವು ಬರುವವರೆಗೆ ಕಾಯದೆ, ಒತ್ತಡ ಏರತೊಡಗಿದ ಕ್ಷಣದಿಂದಲೇ ಇದನ್ನು ಮತ್ತೆಮತ್ತೆ ಮಾಡುತ್ತಿರಬೇಕು. ನೋವಾದರೆ ತಡೆದುಕೊಳ್ಳದೆ ಕೈಯೆತ್ತಬೇಕು. ನೋವು ನುಂಗಿಕೊಳ್ಳುವುದನ್ನೇ ಗಟ್ಟಿತನವೆಂದು ತಿಳಿದ ಹಿರಿಯರಿಗೆ ಇದನ್ನು ಒಪ್ಪಿಸುವುದು ಉಳಿದೆಲ್ಲಕ್ಕಿಂತ ಕಷ್ಟ. ಕೈಯೆತ್ತಿದ ಕೂಡಲೇ ನಾನು ಏರಿಕೆಯನ್ನು ನಿಲ್ಲಿಸಿ, ತುಸು ಇಳಿಸಿ, ಕಿವಿ ಬಿಟ್ಟುಕೊಂಡ ಮೇಲೆ ನಿಧಾನವಾಗಿ ಮುಂದುವರಿಸುತ್ತೇನೆ. ನೆಗಡಿಯಿದ್ದವರ ಸರದಿಯನ್ನು ಮುಂದೂಡುತ್ತೇವೆ. ಏನು ಮಾಡಿದರೂ ಸಾಧ್ಯವಾಗದವರಿಗೆ ಕಿವಿಯ ವೈದ್ಯರು ತಮಟೆಯಲ್ಲಿ ಚಿಕ್ಕ ನಳಿಕೆಯನ್ನು ಕೂರಿಸಿದರೆ ತೊಂದರೆ ನೀಗುತ್ತದೆ.

ಎರಡನೆಯ ಭಯ ಬಾಗಿಲಿನದು. "ಸಿಸ್ಟರ್, ಬಾಗ್ಲಾ ಹಾಕಿದ ಮ್ಯಾಲ ಉಸಿರು ಕಟ್ಟಿದ್ರ ಹ್ಯಾಂಗ್ರಿ?" ಎಂದು ಕೇಳುವವರಿಗೆ ನಾನು ಹೇಳುವುದು: "ಅಜ್ಜಾರ, ಒಳಗ ಗಾಳಿ ಕಡಿಮಿ ಆಗೂದಿಲ್ರಿ, ಹೆಚ್ಚ ಇರ್ತೈತಿ. ನಾ ಇಲ್ಲೇ ಕುಂತಿರ್ತೀನಿ, ನೀವ್ ಅಂದಿದ್ದೆಲ್ಲಾ ನನಗ ಕೇಳಸ್ತೈತಿ." ಒತ್ತಡವಿರುವಾಗ ಬಾಗಿಲು ಒಮ್ಮೆಲೇ ತೆರೆಯದು, ತುರ್ತಿನಲ್ಲಿಯೂ ಒಂದೆರಡು ನಿಮಿಷ ಬೇಕು ಎಂಬುದನ್ನೂ ಮುಚ್ಚಿಡುವುದಿಲ್ಲ. ನಮ್ಮದು ಒಬ್ಬರೇ ಮಲಗುವ ಪಾರದರ್ಶಕ ಅಕ್ರಿಲಿಕ್ ಚೇಂಬರ್ ಆದ್ದರಿಂದ ಹೊರಗೆ ನಿಂತ ಮಗನ ಮುಖ ಅವರಿಗೆ ಕಾಣುತ್ತಿರುತ್ತದೆ.

ಒತ್ತಡ ಏರುವಾಗ ಒಳಗೆ ತುಸು ಸೆಖೆ, ಇಳಿಯುವಾಗ ತುಸು ಚಳಿ. ನಡುವಿನ ಸುಮಾರು ಒಂದೂವರೆ ಗಂಟೆಯಲ್ಲಿ ಅನೇಕರು ನಿದ್ದೆ ಹೋಗುತ್ತಾರೆ. ಆಗಾಗ ಐದು ನಿಮಿಷ ಮುಖವಾಡದ ಮೂಲಕ ಸಾಮಾನ್ಯ ಗಾಳಿಯನ್ನು ಕೊಡುತ್ತೇವೆ; ಎಡೆಬಿಡದ ಆಕ್ಸಿಜನ್ನಿನಿಂದ ಅಪರೂಪಕ್ಕೆ ಬರಬಹುದಾದ ಫಿಟ್ಸ್‌ನ ಸಾಧ್ಯತೆಯನ್ನು ಅದು ತಗ್ಗಿಸುತ್ತದೆ. ಒತ್ತಡ ಇಳಿಯುವಾಗ ಕಿವಿ ತಾನಾಗಿಯೇ ಸರಿಹೋಗುತ್ತದೆ, ಆದರೆ ಉಸಿರನ್ನು ಮಾತ್ರ ಬಿಗಿಹಿಡಿಯಬಾರದು: ಹಿಗ್ಗುವ ಗಾಳಿ ಪುಪ್ಪುಸಕ್ಕೆ ಹಾನಿ ಮಾಡಬಲ್ಲದು.

ಇಷ್ಟಾದರೂ ಚೇಂಬರ್ ಒಂದರಿಂದಲೇ ಕಾಲು ಉಳಿಯುತ್ತದೆ ಎಂದು ನಾನು ಯಾರಿಗೂ ಹೇಳುವುದಿಲ್ಲ. 2010ರಲ್ಲಿ ಪ್ರಕಟವಾದ ಸ್ವೀಡನ್ನಿನ ಅಧ್ಯಯನದಲ್ಲಿ, ವರ್ಷದ ನಂತರ ಹುಣ್ಣು ಪೂರ್ತಿ ಮಾಯ್ದವರು ಆಕ್ಸಿಜನ್ ಪಡೆದ ಗುಂಪಿನಲ್ಲಿ ಶೇ 52, ಒತ್ತಡದ ಗಾಳಿಯನ್ನಷ್ಟೇ ಪಡೆದ ಗುಂಪಿನಲ್ಲಿ ಶೇ 29 ಇದ್ದರು. 2018ರ ನೆದರ್ಲೆಂಡ್ಸ್ ಅಧ್ಯಯನದಲ್ಲಿ ಕಾಲಿನ ರಕ್ತನಾಳ ಕಟ್ಟಿಕೊಂಡಿದ್ದ ಮಧುಮೇಹಿಗಳಲ್ಲಿ ಅಂಥ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಆದರೆ ಅಲ್ಲಿ ಆಕ್ಸಿಜನ್ ಗುಂಪಿನ ಸುಮಾರು ಮೂರನೇ ಒಂದು ಭಾಗದಷ್ಟು ಜನ ಚಿಕಿತ್ಸೆಯನ್ನು ಪೂರೈಸಿರಲೇ ಇಲ್ಲ. ಮೊದಲ ದಿನಕ್ಕೆ ನಾನಿಷ್ಟು ಮಹತ್ವ ಕೊಡುವುದು ಇದಕ್ಕಾಗಿಯೇ. ಕೊಳೆತ ಭಾಗವನ್ನು ಕತ್ತರಿಸಿ ತೆಗೆಯುವುದು, ರಕ್ತನಾಳ ತೆರೆಸುವುದು, ಹುಣ್ಣಿನ ಮೇಲೆ ಭಾರ ಬೀಳದಂತೆ ನೋಡಿಕೊಳ್ಳುವುದು, ಸಕ್ಕರೆಯನ್ನು ಹಿಡಿತದಲ್ಲಿಡುವುದು ಇವು ಮೊದಲು. ಬೀಡಿ ಸೇದುತ್ತ ಚೇಂಬರಿಗೆ ಬರುವುದು ದುಡ್ಡು ಸುಟ್ಟಂತೆ. ಮಕ್ಕಳ ಆಟಿಸಂಗೆ, ಮುಪ್ಪು ತಡೆಯಲಿಕ್ಕೆ ಎಂದು ಇದನ್ನು ಮಾರುವವರ ಮಾತಿಗೆ ಆಧಾರವಿಲ್ಲ.

ಇಪ್ಪತ್ತು ಸರದಿ ದಾಟಿದ ಮೇಲೆ ಕೆಲವರಿಗೆ ದೂರದ ಬಸ್ಸಿನ ಬೋರ್ಡು ಮಸುಕಾಗತೊಡಗುತ್ತದೆ. ಕೆಲವು ಹಿರಿಯರಿಗೆ ಕನ್ನಡಕವಿಲ್ಲದೆಯೇ ಪತ್ರಿಕೆ ಓದಲು ಬಂದು ಸಂತೋಷವೂ ಆಗುತ್ತದೆ. ಎರಡೂ ತಾತ್ಕಾಲಿಕ. ಚಿಕಿತ್ಸೆ ಮುಗಿದ ಮೇಲೆ ಕೆಲವು ವಾರಗಳಿಂದ ಕೆಲವು ತಿಂಗಳುಗಳಲ್ಲಿ ದೃಷ್ಟಿ ಬಹುತೇಕ ಮೊದಲಿನಂತಾಗುವುದರಿಂದ, ಅಲ್ಲಿಯವರೆಗೆ ಹೊಸ ಕನ್ನಡಕಕ್ಕೆ ಹಣ ಹಾಕಬೇಡಿ ಎಂದು ಡಿಸ್ಚಾರ್ಜ್ ಚೀಟಿಯಲ್ಲಿ ಬರೆದುಕೊಡುತ್ತೇನೆ.