ಕಿಟಕಿಯ ಮೇಲಿನ ಗೋಡೆಯನ್ನು ಹೊರುವವರು ಯಾರು? ಲಿಂಟಲ್ ಮತ್ತು ಕಮಾನು ಕಟ್ಟುವ ಬಗೆ

ಮನೆ ಕಟ್ಟಿಸುವಾಗ ಕಿಟಕಿಯ ಚೌಕಟ್ಟು ತೇಗದ್ದಿರಬೇಕೋ ಹೊನ್ನೆಯದೋ ಎಂದು ವಾರಗಟ್ಟಲೆ ಚರ್ಚೆ ನಡೆಯುತ್ತದೆ; ಅದರ ಮೇಲೆ ಬರುವ ಗೋಡೆಯನ್ನು ಹೊರುವವರು ಯಾರೆಂದು ಮಾತ್ರ ಯಾರೂ ಕೇಳುವುದಿಲ್ಲ. ಚೌಕಟ್ಟು ಅದನ್ನು ಹೊರುವುದಿಲ್ಲ, ಹೊರಬಾರದು ಕೂಡ. ಗೋಡೆಯಲ್ಲಿ ಬಾಯಿ ತೆರೆದಲ್ಲೆಲ್ಲ ಮೇಲಿನ ಭಾರವನ್ನು ಎಡಬಲದ ಗೋಡೆಗಳಿಗೆ ದಾಟಿಸಬೇಕು. ಅಡ್ಡಲಾಗಿ ಮಲಗಿಸುವ ಲಿಂಟಲ್ ಒಂದು ದಾರಿ, ಬಾಗಿಸಿ ಕಟ್ಟುವ ಕಮಾನು ಇನ್ನೊಂದು. 4 ಅಡಿ ಅಗಲದ ಕಿಟಕಿ, 9 ಇಂಚಿನ ಇಟ್ಟಿಗೆ ಗೋಡೆ ಎಂದಿಟ್ಟುಕೊಂಡು ಎರಡನ್ನೂ ನೋಡೋಣ.

ಮೊದಲು ಭಾರದ ಲೆಕ್ಕ. ಇಟ್ಟಿಗೆಗಳನ್ನು ಒಂದರ ಸಂದಿನ ಮೇಲೆ ಇನ್ನೊಂದು ಬರುವಂತೆ ಕಟ್ಟಿರುವುದರಿಂದ, ಗಾರೆ ಗಟ್ಟಿಯಾದ ಮೇಲೆ, ಕಿಟಕಿಯ ಅಗಲವನ್ನು ಬುಡವಾಗಿಸಿಕೊಂಡ ಸಮಬಾಹು ತ್ರಿಕೋನದಷ್ಟು ಗೋಡೆ ಮಾತ್ರ ಲಿಂಟಲಿನ ಪಾಲಿಗೆ ಬರುತ್ತದೆ, ಉಳಿದದ್ದು ತಾನಾಗಿ ಪಕ್ಕಕ್ಕೆ ಹಂಚಿಹೋಗುತ್ತದೆ ಎಂದು ಎಂಜಿನಿಯರುಗಳು ಹಿಡಿಯುತ್ತಾರೆ. ನಮ್ಮ ಕಿಟಕಿಗೆ ಇದು ಸುಮಾರು 280 ಕಿಲೋ, ಅಂದರೆ ಐದಾರು ಮೂಟೆ ಸಿಮೆಂಟಿನ ತೂಕ. ಆದರೆ ಆ ತ್ರಿಕೋನದ ಎತ್ತರ ಮೂರೂವರೆ ಅಡಿ. ನಮ್ಮ ಮನೆಗಳಲ್ಲಿ ಲಿಂಟಲಿನಿಂದ ಸೂರಿಗೆ ಮೂರಡಿಯಷ್ಟೇ ಇರುವುದರಿಂದ ತಾರಸಿಯ ಭಾರವನ್ನೂ ಸೇರಿಸಿಕೊಳ್ಳಬೇಕಾಗುತ್ತದೆ.

ಲಿಂಟಲಿನೊಳಗೆ ಏನು ನಡೆಯುತ್ತದೆಂದು ತಿಳಿಯಲು ಒಂದು ದಪ್ಪ ಸ್ಪಂಜು ಸಾಕು. ಅದರ ಪಕ್ಕದ ಮೈಮೇಲೆ ಪೆನ್ನಿನಿಂದ ನೆಟ್ಟನೆಯ ಗೆರೆಗಳನ್ನು ಎಳೆದು, ಎರಡು ಪುಸ್ತಕಗಳ ನಡುವೆ ಸೇತುವೆಯಂತೆ ಇಟ್ಟು, ಮಧ್ಯದಲ್ಲಿ ಬೆರಳಿನಿಂದ ಒತ್ತಿದರೆ ಗೆರೆಗಳ ಮೇಲ್ತುದಿಗಳು ಹತ್ತಿರವಾಗುತ್ತವೆ, ಕೆಳತುದಿಗಳು ದೂರವಾಗುತ್ತವೆ. ಮೇಲ್ಭಾಗ ಅದುಮಿಕೊಳ್ಳುತ್ತಿದೆ, ಕೆಳಭಾಗ ಎಳೆತಕ್ಕೆ ಸಿಕ್ಕಿದೆ. ಕಲ್ಲು, ಕಾಂಕ್ರೀಟು ಎರಡೂ ಅದುಮುವಿಕೆಯನ್ನು ಚೆನ್ನಾಗಿ ತಡೆಯುತ್ತವೆ. ಎಳೆತಕ್ಕೆ ಎರಡೂ ದುರ್ಬಲ; ಕಾಂಕ್ರೀಟಿಗೆ ಎಳೆತ ತಡೆಯುವ ಶಕ್ತಿ ಅದುಮುವಿಕೆ ತಡೆಯುವ ಶಕ್ತಿಯ ಹತ್ತರಲ್ಲೊಂದು ಪಾಲು ಮಾತ್ರ. ಹಳೆಯ ದೇಗುಲಗಳ ನವರಂಗದಲ್ಲಿ ಕಂಬಗಳು ಹತ್ತಿರ ಹತ್ತಿರ ನಿಂತಿರುವುದಕ್ಕೆ ಕಲ್ಲುತೊಲೆಯ ಈ ದೌರ್ಬಲ್ಯವೂ ಒಂದು ಕಾರಣ.

ಕಾಂಕ್ರೀಟ್ ಲಿಂಟಲಿನಲ್ಲಿ ಆ ಎಳೆತವನ್ನು ತಡೆಯುವುದು ಒಳಗಿನ ಉಕ್ಕಿನ ಕಂಬಿ. ಆದ್ದರಿಂದ ಮುಖ್ಯ ಕಂಬಿಗಳು ಕೆಳಗಡೆಯೇ ಇರಬೇಕು, ಮತ್ತು ಅವು ತುಕ್ಕು ಹಿಡಿಯದಂತೆ ಸುತ್ತ ಕಾಂಕ್ರೀಟ್ ಉಳಿಯಲೆಂದು ಅಡಿಗೆ ಒಂದಿಂಚಿನ ಕವರ್ ಬ್ಲಾಕ್ (ಕಂಬಿಯನ್ನು ಎತ್ತಿ ಹಿಡಿಯುವ ಚಿಕ್ಕ ಬಿಲ್ಲೆ) ಇಡಬೇಕು. ಲಿಂಟಲಿನಿಂದ ಹೊರಚಾಚುವ ಸಜ್ಜಾದಲ್ಲಿ ಮಾತ್ರ ಇದು ತಿರುಗುಮುರುಗು: ಅಲ್ಲಿ ಎಳೆತ ಬೀಳುವುದು ಮೇಲ್ಮೈಗೆ, ಕಂಬಿಯೂ ಮೇಲೆಯೇ ಇರಬೇಕು. ಕಾಂಕ್ರೀಟ್ ಹಾಕುವ ಗಡಿಬಿಡಿಯಲ್ಲಿ ಆಳುಗಳು ಆ ಕಂಬಿಯನ್ನು ತುಳಿದು ಕೆಳಗಿಳಿಸಿಬಿಡುತ್ತಾರೆ. ಅಷ್ಟು ಹೊತ್ತು ಪಕ್ಕದಲ್ಲೇ ನಿಂತು ನೋಡಿಕೊಳ್ಳುವುದು ಒಳ್ಳೆಯದು.

ಲಿಂಟಲಿನ ಎರಡೂ ತುದಿಗಳು ಗೋಡೆಯ ಮೇಲೆ ಕನಿಷ್ಠ 6 ಇಂಚು, ಸಾಧ್ಯವಾದರೆ 9 ಇಂಚು ಕೂರಬೇಕು. ನನ್ನ ಮನೆಯ ಅಡುಗೆಕೋಣೆಯ ಕಿಟಕಿಯಲ್ಲಿ ಮೇಸ್ತ್ರಿ ಒಂದು ತುದಿಗೆ ಮೂರು ಇಂಚಷ್ಟೇ ಬಿಟ್ಟಿದ್ದರು. ಎರಡನೆಯ ಮಳೆಗಾಲದ ಹೊತ್ತಿಗೆ ಆ ಮೂಲೆಯಿಂದ ಇಟ್ಟಿಗೆಯ ಸಂದು ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಬಿರುಕು ಮೇಲೇರಿತ್ತು. ಎರಡು ಸಲ ಪುಟ್ಟಿ ಮೆತ್ತಿದರೂ ಅದು ಮತ್ತೆ ಬಂತು. ಕಾಂಕ್ರೀಟ್ ಹಾಕಿದ ಮೇಲೆ ಲಿಂಟಲಿನ ಕೆಳಗಿನ ಆಸರೆಯ ಕಂಬಗಳನ್ನು 14 ದಿನ ತೆಗೆಯಬಾರದು, ನೀರುಣಿಸುವುದನ್ನು ಮೊದಲ ವಾರವಂತೂ ತಪ್ಪಿಸಬಾರದು.

ಕಮಾನಿಗೆ ಕಂಬಿಯೇ ಬೇಡ. ಭಾರ ಬಿದ್ದಷ್ಟೂ ಇಟ್ಟಿಗೆಗಳು ಒಂದನ್ನೊಂದು ಅದುಮಿ ಬಿಗಿಯಾಗುತ್ತವೆ, ಎಳೆತ ಹುಟ್ಟುವುದಿಲ್ಲ. 4 ಅಡಿ ಅಗಲಕ್ಕೆ ಮಧ್ಯದಲ್ಲಿ 8 ಇಂಚು ಏರು ಇಡುವುದಾದರೆ, ಕಮಾನು ಶುರುವಾಗುವ ಮಟ್ಟದಿಂದ 32 ಇಂಚು ಕೆಳಗೆ, ಕಿಟಕಿಯ ನಟ್ಟನಡುವೆ ಒಂದು ಮೊಳೆ ಹೊಡೆದು, ಅದಕ್ಕೆ 40 ಇಂಚಿನ ದಾರ ಕಟ್ಟಿ ಹಲಗೆಯ ಮೇಲೆ ಕಂಸವನ್ನು ಎಳೆಯಬೇಕು. ಆ ಆಕಾರಕ್ಕೆ ಕೊಯ್ದ ಹಲಗೆಯ ಅಚ್ಚನ್ನು ಮರದ ಬೆಣೆಗಳ ಮೇಲೆ ನಿಲ್ಲಿಸಿ, ಎರಡೂ ಬದಿಯಿಂದ ಏಕಕಾಲಕ್ಕೆ ಇಟ್ಟಿಗೆ ಕಟ್ಟುತ್ತ ಬರಬೇಕು. ಪ್ರತಿಯೊಂದು ಸಂದೂ ಮೊಳೆಯ ಕಡೆಗೇ ಮುಖ ಮಾಡಿರಬೇಕು. ಅನುಮಾನ ಬಂದಾಗ ದಾರ ಹಿಡಿದು ನೋಡಿದರಾಯಿತು. ಚೌಕ ಇಟ್ಟಿಗೆಯಾದ್ದರಿಂದ ಗಾರೆ ಕೆಳಗೆ ತೆಳ್ಳಗೆ, ಮೇಲೆ ದಪ್ಪಗೆ ಬರುತ್ತದೆ. ಒಟ್ಟು ಇಟ್ಟಿಗೆಗಳ ಸಂಖ್ಯೆ ಬೆಸವಾಗಿದ್ದರೆ ಕೊನೆಯದು ನೆತ್ತಿಯಲ್ಲಿ ಸರಿಯಾಗಿ ಕೂರುತ್ತದೆ. ಗಾರೆ ಗಟ್ಟಿಯಾದ ಮೇಲೆ ಬೆಣೆಗಳನ್ನು ಒಂದೇ ಏಟಿಗೆ ಕೀಳದೆ ಸ್ವಲ್ಪ ಸ್ವಲ್ಪವೇ ಸಡಿಲಿಸಬೇಕು.

ಕಮಾನು ಕೇಳುವ ಬೆಲೆ ಬೇರೆ. ಅದು ಭಾರವನ್ನು ಕೆಳಕ್ಕೆ ಮಾತ್ರ ಇಳಿಸುವುದಿಲ್ಲ, ಪಕ್ಕಕ್ಕೂ ನೂಕುತ್ತದೆ. ಏರು ಕಡಿಮೆಯಾದಷ್ಟೂ ನೂಕು ಹೆಚ್ಚು. 8 ಇಂಚನ್ನು 4ಕ್ಕೆ ಇಳಿಸಿದರೆ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ವಿಜಯಪುರದ ಬಾರಾ ಕಮಾನಿನಲ್ಲಿ, ಎರಡನೆಯ ಅಲಿ ಆದಿಲ್ ಶಾಹನ ಆ ಅಪೂರ್ಣ ಗೋರಿಯಲ್ಲಿ, ಸೂರಿಲ್ಲದೆಯೂ ಕಮಾನುಗಳು ಸಾಲಾಗಿ ನಿಂತಿವೆ. ಅಂಥ ಸಾಲಿನ ನಡುವಣ ಕಂಬಕ್ಕೆ ಎರಡೂ ಕಡೆಯ ನೂಕು ಬಂದು ಒಂದನ್ನೊಂದು ತಡೆಯುತ್ತದೆ, ತುದಿಯ ಕಂಬಕ್ಕೆ ಆ ಅನುಕೂಲವಿಲ್ಲ. ಮನೆಯಲ್ಲೂ ಹಾಗೆಯೇ. ಕಿಟಕಿಯ ಪಕ್ಕದಲ್ಲಿ ಸಾಕಷ್ಟು ಗೋಡೆ ಉಳಿದಿದ್ದರೆ ಕಮಾನು ನಿಶ್ಚಿಂತೆಯಿಂದ ಕಟ್ಟಬಹುದು. ಗೋಡೆಯ ಮೂಲೆಗೆ ಒಂದಡಿ ದೂರದಲ್ಲೇ ಕಿಟಕಿ ಬಂದಿದ್ದರೆ, ಕಮಾನು ಎಷ್ಟೇ ಚೆಂದ ಕಂಡರೂ, ಅಲ್ಲಿ ಲಿಂಟಲ್ ಹಾಕಿಸುವುದೇ ಸರಿ.