ಬೀದಿಯ ತರಗೆಲೆ ಬೀದಿಯಲ್ಲೇ ಗೊಬ್ಬರವಾಯ್ತು: ನನ್ನ ಅನುಭವ

ಈ ಸಲ ಬೇಸಿಗೆಯಲ್ಲಿ ನಮ್ಮ ಬೀದಿಯ ತರಗೆಲೆಗೆ ಯಾರೂ ಬೆಂಕಿ ಹಾಕಲಿಲ್ಲ. ಬೆಂಗಳೂರಿನ ಹಳೇ ಬಡಾವಣೆಗಳಲ್ಲಿ ಇರುವವರಿಗೆ ಇದೆಂಥ ಮಾತು ಅಂತ ಗೊತ್ತು. "ಜಾಲರಿಯಲ್ಲಿ ಎಲೆ ತುಂಬಿಟ್ಟರೆ ಹಾವು ಬರುತ್ತೆ ಸಾರ್" ಅಂದವರೇ ಈಗ ಗೊಬ್ಬರಕ್ಕೆ ಚೀಲ ಹಿಡಿದು ಬರುತ್ತಿದ್ದಾರೆ. ಅದಕ್ಕೇ ಬರೆಯೋ ಧೈರ್ಯ ಬಂತು.

ಅಡುಗೆಮನೆ ಕಸ ಕೊಳೆಸಿದವರಿಗೆ ಎಲೆ ಸುಲಭ ಅನಿಸುತ್ತೆ. ಅಲ್ಲ. ನಮ್ಮ ಮೊದಲ ರಾಶಿ ಯುಗಾದಿಗೆ ಹೇಗಿತ್ತೋ ಗಣೇಶನ ಹಬ್ಬಕ್ಕೂ ಹಾಗೇ ಇತ್ತು. ಮೇಲೆ ಅರ್ಧ ಅಡಿ ಒದ್ದೆ. ಒಳಗೆ ಕೈ ಹಾಕಿದರೆ ಗರಿಗರಿ ಎಲೆ. ಒಂದರ ಮೇಲೊಂದು ಕೂತ ಎಲೆಗಳು ಹೆಂಚಿನ ಹಾಗೆ ಮಳೆ ನೀರನ್ನೆಲ್ಲ ಪಕ್ಕಕ್ಕೆ ಜಾರಿಸಿಬಿಟ್ಟಿದ್ದವು.

ಪುಡಿ ಮಾಡಿದರೆ ಬೇಗ ಕೊಳೆಯುತ್ತೆ ಅಂತ ನಾಲ್ಕೈದು ಮನೆಯವರು ಸೇರಿ 25 ಸಾವಿರದ ಹತ್ತಿರ ಕೊಟ್ಟು ಮಷೀನು ತಂದೆವು. ಬೀದಿ ಗುಡಿಸಿದ ಎಲೆ ಅಂದರೆ ಬರೀ ಎಲೆಯಲ್ಲ. ಜಲ್ಲಿ, ಗುಟ್ಕಾ ಪೊಟ್ಟಣ, ಒಮ್ಮೆ ಒಂದು ಸ್ಪಾನರು. ಬ್ಲೇಡು ಸಾಣೆ ಹಿಡಿಸೋಕೆ ಪ್ರತಿ ಸಲ 300-400 ರೂಪಾಯಿ. ಧೂಳಿಗೆ ಪಕ್ಕದ ಮನೆ ಅಜ್ಜಿಗೆ ಕೆಮ್ಮು. ಕೊನೆಗೆ ಅರ್ಧ ಬೆಲೆಗೂ ಕಮ್ಮಿಗೆ ಒಂದು ನರ್ಸರಿಗೆ ಕೊಟ್ಟೆವು.

ನಾನು ಮಲೆನಾಡಿನವನು. ಕೊಟ್ಟಿಗೆಗೆ ದರಗು, ಅಂದರೆ ಒಣಗಿದ ತರಗೆಲೆ ಹಾಸಿ, ದನ ಅದನ್ನು ತುಳಿದು ತುಳಿದು ಗೊಬ್ಬರ ಆಗೋದನ್ನು ನೋಡಿ ಬೆಳೆದವನು. ದನದ ಕೆಲಸ ನಾವೇ ಮಾಡಿದರಾಯ್ತಲ್ಲ?

ಎಲೆ ತುಂಬುವ ಗೂಡಿಗೆ 4 ಅಡಿ ಎತ್ತರದ ವೆಲ್ಡ್ ಮೆಶ್ (ಬೆಸುಗೆ ಹಾಕಿದ ಗಟ್ಟಿ ತಂತಿ ಜಾಲರಿ), 13 ಅಡಿ ಉದ್ದ. ಸುತ್ತಿ ಕಟ್ಟಿದರೆ 4 ಅಡಿ ಅಗಲ ಬರುತ್ತೆ. ಕೋಳಿ ಜಾಲರಿ ಅಗ್ಗ ಅಂತ ಹೋಗಬೇಡಿ, ತುಳಿದ ಕೂಡಲೇ ಹೊಟ್ಟೆ ಬಿಟ್ಟುಕೊಂಡು ನಿಲ್ಲುತ್ತೆ. ಬೈಂಡಿಂಗ್ ವೈರು ಎಲ್ಲಾ ಸೇರಿ ಗೂಡಿಗೆ 2 ಸಾವಿರದ ಆಸುಪಾಸು. ಒಂದಡಿ ಎಲೆ, ನೀರು, ಆಮೇಲೆ ಒಳಗಿಳಿದು ತುಳಿತ. ಗರಗರ ಸದ್ದು ನಿಂತು ಕಾಲಡಿ ಮೆತ್ತಗಾಗುವ ತನಕ ತುಳಿಯಬೇಕು. ಮೇಲೆ ಡ್ರಮ್ಮಿನ ನೀರು. ಮತ್ತೆ ಎಲೆ. ಹೀಗೆ ತುಂಬಿದರೆ 20-25 ಚೀಲ ಹಿಡಿಯುತ್ತೆ. ಆಮೇಲೆ ಮಗುಚುವ ಗೋಜೇ ಇಲ್ಲ.

ಡ್ರಮ್ಮಿನ ನೀರು ಅಂದರೆ ಎಲೆ ಬೇಗ ಕೊಳೆಯಲಿ ಅಂತ ಸಗಣಿ, ಬೆಲ್ಲ, ಹುಳಿ ಮಜ್ಜಿಗೆ ಕಲಸಿಟ್ಟ ನೀರು. ನಾಲ್ಕನೆಯದೊಂದಿದೆ. ಅದನ್ನು ನಮ್ಮಲ್ಲಿ ಬಂದು ತುಳಿದವರಿಗೆ ಮಾತ್ರ ಹೇಳ್ತೀನಿ.

ನೀರಿನದೇ ತಲೆನೋವು. ಎಲೆ ಉದುರೋದು ನೀರಿಗೆ ಬರ ಇರುವಾಗಲೇ. 2024ರ ಮಾರ್ಚ್‌ನಲ್ಲಂತೂ ಕುಡಿಯುವ ನೀರನ್ನು ಕೈತೋಟಕ್ಕೆ ಬಿಟ್ಟರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಮಾಡಿತ್ತು. ಟ್ಯಾಂಕರಿಗೆ ಕಾದು ನಿಂತವರ ಎದುರು ಒಣ ಎಲೆಗೆ ನೀರು ಹೊಯ್ದರೆ ಬೈಯದೆ ಬಿಡ್ತಾರಾ? ಹಾಗಾಗಿ ಮನೆಮನೆ ಗೇಟಿನ ಪಕ್ಕ ಹಳೇ ಪೇಂಟ್ ಡಬ್ಬ ಇಟ್ಟೆವು. ಆರ್‌ಓ ಫಿಲ್ಟರು ಹೊರಗೆ ಬಿಡೋ ನೀರು, ಅಕ್ಕಿ ತರಕಾರಿ ತೊಳೆದ ನೀರು, ಅಷ್ಟೇ. ಸೋಪಿನ ನೀರು ಬೇಡ ಅಂದೆ. ಬರೀ ಅಕ್ಕಿ ತೊಳೆದ ನೀರು ಹಾಕಿದ ಗೂಡೊಂದನ್ನು ಬೇರೆ ಇಟ್ಟು ನೋಡಿದೆ. ವಾರದಲ್ಲಿ ಸರಳು ಚುಚ್ಚಿ ತೆಗೆದರೆ ಮುಟ್ಟೋಕಾಗದಷ್ಟು ಬಿಸಿ, ಅಂದರೆ ಕೊಳೆಯೋದು ಶುರುವಾಗಿತ್ತು.

ಇಷ್ಟೆಲ್ಲ ಆದರೂ ಬೆಂಕಿ ನಿಂತಿರಲಿಲ್ಲ. ಕಸ ಸುಟ್ಟರೆ 5,000 ದಂಡ ಅಂತ ಹಸಿರು ನ್ಯಾಯಮಂಡಳಿ 2016ರಲ್ಲೇ ಹೇಳಿದೆ. ಅದನ್ನೇ ಬೋರ್ಡಿನಲ್ಲಿ ಬರೆಸಿ ನೇತುಹಾಕಿದೆವು, ಬೋರ್ಡಿಗೆ ಹಾಕಿದ 800 ರೂಪಾಯಿ ನಮಗೇ ದಂಡ ಆಯ್ತು. ಬೆಂಕಿ ಸಂಜೆಯಿಂದ ಬೆಳಗಿನ ಜಾವಕ್ಕೆ ಹೋಯ್ತು, ಅಷ್ಟೇ. ನಮ್ಮ ಬೀದಿ ಗುಡಿಸುವ ಅಮ್ಮನನ್ನು ಒಂದು ದಿನ ಟೀ ಕೊಟ್ಟು ಕೇಳಿದೆ. "ಕಸದ ಆಟೋದವರು ಎಲೆ ತಗೊಳ್ಳಲ್ಲ ಸಾರ್. ರಾಶಿ ಬಿಟ್ಟು ಹೋದರೆ ಗಾಳಿಗೆ ಹಾರುತ್ತೆ, ನಾಳೆ ಅದನ್ನೇ ಮತ್ತೆ ಗುಡಿಸಬೇಕು. ನಿಮ್ಮ ಗೂಡು ಪಾರ್ಕಿನಲ್ಲಿದೆ, ಅಲ್ಲಿವರೆಗೂ ಯಾರು ಹೊರೋದು?" ಅಂದರು. ಆಮೇಲೆ ಅವರೇ ನಡೆದು ಹೋಗಿ ಜಾಗ ತೋರಿಸಿದರು. ಎಲ್ಲೆಲ್ಲಿ ಅವರ ಪೊರಕೆ ನಿಲ್ಲುತ್ತೋ ಅಲ್ಲೇ ಗೂಡು ಬಂತು. ತುಂಬಿದ ಚೀಲಕ್ಕೆ 10 ರೂಪಾಯಿ ಕೊಡ್ತೀವಿ. ಆಮೇಲೆ ಬೆಂಕಿಪೊಟ್ಟಣಕ್ಕೆ ಕೆಲಸ ಇಲ್ಲವಾಯ್ತು. ವರ್ಷಗಟ್ಟಲೆ ನಾವು ಕೊಳೆಸೋದರ ಬಗ್ಗೆ ತಲೆ ಕೆಡಿಸಿಕೊಂಡಿದ್ದೆವು, ಉತ್ತರ ಗೂಡಿನ ಜಾಗದಲ್ಲಿತ್ತು.

ಎಲೆಗಳಲ್ಲಿ ಮಳೆಮರ, ಗುಲ್‌ಮೊಹರ್ ಬೇಗ ಕರಗುತ್ತವೆ. ಹೊಂಗೆ ಬಂಗಾರ. ಮಾವು, ಹಲಸು ದಪ್ಪ ಚರ್ಮದವು, ಬೇರೆ ಗೂಡಿಗೆ ಹಾಕಿ ಒಂದು ವರ್ಷ ಮರೆತುಬಿಡಿ. ಬಿದಿರೆಲೆಯ ಸಹವಾಸ ನಾನಂತೂ ಬಿಟ್ಟೆ.

ಫೆಬ್ರವರಿಯಲ್ಲಿ ತುಂಬಿದ್ದು ಸೆಪ್ಟೆಂಬರಿಗೆ ಕಾಲು ಭಾಗಕ್ಕೆ ಇಳಿದಿತ್ತು. ಬಿಚ್ಚಿದಾಗ ಹಾವಿರಲಿಲ್ಲ. ಹೆಬ್ಬೆರಳು ದಪ್ಪದ ಗೊಣ್ಣೆ ಹುಳ ಮಾತ್ರ ಮುಷ್ಟಿಗಟ್ಟಲೆ, ಬಿಳೀ ಮೈ, ಕಂದು ತಲೆ, ಬಿಸಿಲು ತಾಗಿದ್ದೇ ಸುರುಳಿ ಸುತ್ತಿಕೊಂಡವು. ನಾನು ಆರಿಸಿ ಆಚೆ ಹಾಕುತ್ತಿದ್ದ ಹಾಗೆ ಕೆಂಬೂತವೊಂದು ಕಾಂಪೌಂಡಿನಿಂದ ಇಳಿದು ಬಂದು ಒಂದೊಂದಾಗಿ ನುಂಗಿತು. ಕುಂಡಕ್ಕೆ ಹಾಕುವ ಮೊದಲು ಜರಡಿ ಹಿಡಿದು ಆ ಹುಳ ತೆಗೆಯಿರಿ, ಬೇರು ತಿಂದಾವು.

ಗೂಡಿಗೆ ಮೂರು ಚೀಲ ಜರಡಿ ಹಿಡಿದ ಗೊಬ್ಬರ ಸಿಕ್ಕಿತು. ತಾರಸಿ ತೋಟದವರಿಗೆ 10 ಕೆಜಿಗೆ 150ರ ಹಾಗೆ ಕೊಟ್ಟೆವು. ಮಷೀನಿನ ಲೆಕ್ಕ ಬಿಟ್ಟರೆ ಹಾಕಿದ್ದು ಸುಮಾರು 14 ಸಾವಿರ, ಬಂದದ್ದು 9-10 ಸಾವಿರ. ಜಾಲರಿ ಇನ್ನೂ ನಾಲ್ಕು ವರ್ಷ ಬರುತ್ತೆ, ಮುಂದಿನ ಸಲ ಲಾಭವೇ. ಇದರಿಂದ ಭೂಮಿ ತಂಪಾಯ್ತು ಅನ್ನುವಷ್ಟು ಹುಚ್ಚು ನನಗಿಲ್ಲ. ಹೊಗೆ ಹೋಯ್ತು, ಉಳಿದ ಗೊಬ್ಬರ ಅದೇ ಹೊಂಗೆ ಮರಗಳ ಬುಡಕ್ಕೆ ಹೋಯ್ತು.

ಹಿಂದಿನ ಕ್ರಾಸಿನವರು ಎರಡು ಗೂಡು ಕೇಳಿದ್ದಾರೆ. ಜಾಲರಿ ನೀವೇ ತನ್ನಿ, ಮೊದಲು ನಿಮ್ಮ ಬೀದಿ ಗುಡಿಸುವವರನ್ನು ಕರೆದು ಜಾಗ ಕೇಳಿ ಅಂದಿದ್ದೇನೆ.