ಸಿಮ್ಯುಲೇಟರ್‌ಗೆ ಹವಾಮಾನ ಸಾಫ್ಟ್‌ವೇರ್: ಮೋಡ ನೋಡಿ ದುಡ್ಡು ಕೊಡಬೇಡಿ

ಕಳೆದ ಮಳೆಗಾಲದಲ್ಲಿ ಒಂದು ರಾತ್ರಿ ನಮ್ಮ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯ ಹುಡುಗ ಬಾಗಿಲು ಬಡಿದ. "ಅಂಕಲ್, ಬಜ್ಪೆಯಲ್ಲಿ ಇಳಿಯೋಕೇ ಆಗ್ತಿಲ್ಲ. ಗಾಳಿಗೆ ಹುಚ್ಚು ಹಿಡಿದ ಹಾಗಿದೆ, ಒಂದ್ಸಲ ಬಂದು ನೋಡ್ತೀರಾ?" ಹೋಗಿ ನೋಡಿದೆ. ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಫ್ಲೈಟ್ ಸಿಮ್ಯುಲೇಟರ್ (ನಮ್ಮ ಬಾಯಲ್ಲಿ 'ಸಿಮ್') ಓಡುತ್ತಿತ್ತು. ಪರದೆಯ ಮೇಲೆ ಏರ್‌ಬಸ್ ಒಂದು ಮಂಗಳೂರಿನ ಬಜ್ಪೆ ನಿಲ್ದಾಣದ 24ನೇ ರನ್‌ವೇ ಕಡೆಗೆ ಇಳಿಯುತ್ತಿತ್ತು. ಎದುರಿನಿಂದ 14 ನಾಟ್ ಬೀಸುತ್ತಿದ್ದ ಗಾಳಿ ಕಣ್ಣು ಮಿಟುಕಿಸುವಷ್ಟರಲ್ಲಿ ಬೆನ್ನಿಗೆ ಬಂತು. ಅರ್ಧ ನಿಮಿಷಕ್ಕೆ ಮತ್ತೆ ಎದುರಿಗೆ. ವೇಗ ತೋರಿಸುವ ಪಟ್ಟಿ ಜೋಕಾಲಿ ಆಡುತ್ತಿತ್ತು. ವಿಷಯ ಇಷ್ಟೇ: ಸಿಮ್ ಒಳಗಿನ ಲೈವ್ ಹವಾಮಾನವೂ (ಹೊರಗೆ ಈಗ ನಿಜವಾಗಿ ಇರುವ ಹವಾಮಾನ) ಆನ್ ಆಗಿತ್ತು, ಅವನು ಹೊಸದಾಗಿ ಕೊಂಡ ಆಡ್-ಆನ್, ಅಂದರೆ ಸಿಮ್‌ಗೆ ಹೊರಗಿನಿಂದ ಸೇರಿಸುವ ಹವಾಮಾನದ ಪ್ರೋಗ್ರಾಂ ಕೂಡ ಆನ್ ಆಗಿತ್ತು. ಒಂದು ಬಸ್ಸಿಗೆ ಇಬ್ಬರು ಡ್ರೈವರು.

ಈ ಎಡವಟ್ಟನ್ನು ನಾನು ನಾಲ್ಕೈದು ಮನೆಗಳಲ್ಲಿ ನೋಡಿದ್ದೇನೆ. ಅದಕ್ಕಿಂತ ಜಾಸ್ತಿ ನೋಡಿದ್ದು ಇನ್ನೊಂದನ್ನು: ಚೆಂದದ ಮೋಡದ ಚಿತ್ರ ನೋಡಿ ಸಾವಿರಾರು ರೂಪಾಯಿ ಕೊಡುವುದು. ಹಾಗಾಗಿ ಈ ಬರಹ.

ಹಂತ 1: ನಿಮ್ಮ ಸಿಮ್‌ಗೆ ಇದು ಬೇಕಾ?

2020ರ ಆಗಸ್ಟ್‌ನಲ್ಲಿ ಬಂದ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಅಥವಾ 2024ರ ನವೆಂಬರ್‌ನಲ್ಲಿ ಬಂದ ಅದರ ಮುಂದಿನ ಆವೃತ್ತಿ ನಿಮ್ಮಲ್ಲಿದ್ದರೆ ಲೈವ್ ಹವಾಮಾನ ಜೊತೆಗೇ ಬಂದಿದೆ. ಮಾಹಿತಿ ಕೊಡುವುದು ಸ್ವಿಟ್ಜರ್ಲೆಂಡಿನ ಮೀಟಿಯೋಬ್ಲೂ. 2021ರ ಕೊನೆಯಿಂದ ಮೆಟಾರ್ ಅನ್ನುವ, ವಿಮಾನ ನಿಲ್ದಾಣಗಳು ಆಗಾಗ ಕೊಡುವ ಹವಾಮಾನ ವರದಿಯನ್ನೂ ಅದರ ಜೊತೆ ಬೆರೆಸುತ್ತಾರೆ. ಎಕ್ಸ್-ಪ್ಲೇನ್ 12ರಲ್ಲೂ ಇದೆ. ಅದು ಅಮೆರಿಕದ ಹವಾಮಾನ ಇಲಾಖೆಯ ಜಿಎಫ್‌ಎಸ್ ಮಾದರಿ (ಇಡೀ ಜಗತ್ತಿನ ಹವಾಮಾನವನ್ನು ಕಂಪ್ಯೂಟರ್ ಹಾಕುವ ಲೆಕ್ಕ) ಮತ್ತು ಮೆಟಾರ್ ಎರಡನ್ನೂ ಇಳಿಸಿಕೊಳ್ಳುತ್ತದೆ. ಪುಕ್ಕಟೆ ಸಿಗುವ ಫ್ಲೈಟ್‌ಗೇರ್‌ನಲ್ಲೂ ಮೆಟಾರ್ ಆಧಾರದ ಲೈವ್ ಹವಾಮಾನ ಉಂಟು. ಇವುಗಳಲ್ಲಿ ಯಾವುದಿದ್ದರೂ ಕನಿಷ್ಠ ಒಂದು ತಿಂಗಳು ಸುಮ್ನೆ ಇರುವುದರಲ್ಲೇ ಹಾರಿಸಿ. ಪರ್ಸ್ ಮುಟ್ಟಬೇಡಿ.

2006ರ ಎಫ್‌ಎಸ್‌ಎಕ್ಸ್ (ಮೈಕ್ರೋಸಾಫ್ಟ್‌ನ ಹಳೆಯ ಸಿಮ್) ಅಥವಾ ಲಾಕ್‌ಹೀಡ್ ಮಾರ್ಟಿನ್‌ನ ಪ್ರಿಪೇರ್‌ಡಿ ಇಟ್ಟುಕೊಂಡವರ ಮಾತು ಬೇರೆ. ಅವರಿಗೆ ಆಡ್-ಆನ್ ಬೇಕೇ ಬೇಕು. ಎಕ್ಸ್‌ಬಾಕ್ಸ್‌ನಲ್ಲಿ ಹಾರಿಸುವವರಿಗೆ ಹೊರಗಿನ ಪ್ರೋಗ್ರಾಂ ಹಾಕಲು ದಾರಿಯೇ ಇಲ್ಲ, ಅವರು ಇಲ್ಲಿಗೇ ಓದು ನಿಲ್ಲಿಸಬಹುದು.

ಹಂತ 2: ಎಂಜಿನ್ನೋ, ಬಣ್ಣವೋ?

ಅಂಗಡಿಯಲ್ಲಿ 'ವೆದರ್' ಅನ್ನುವ ಹೆಸರಲ್ಲಿ ಎರಡು ಬಗೆಯ ಸರಕು ಸಿಗುತ್ತದೆ. ಒಂದು ಹವಾಮಾನದ ಎಂಜಿನ್: ಎಲ್ಲಿ ಎಷ್ಟು ಗಾಳಿ, ಎಷ್ಟು ಒತ್ತಡ, ಯಾವ ಎತ್ತರದಲ್ಲಿ ಮೋಡ ಎಂದು ಲೆಕ್ಕ ಹಾಕಿ ಸಿಮ್‌ಗೆ ತುಂಬಿಸುವುದು ಇದರ ಕೆಲಸ. ಆಕ್ಟಿವ್ ಸ್ಕೈ, ರೆಕ್ಸ್ ವೆದರ್ ಫೋರ್ಸ್ ಈ ಬಗೆಯವು. ಇನ್ನೊಂದು ಬರೀ ಬಣ್ಣ: ಮೋಡದ ಚಿತ್ರ, ಆಕಾಶದ ನೀಲಿ, ಸಂಜೆಯ ಕೆಂಪು. ಗಾಳಿಗೂ ಇದಕ್ಕೂ ಸಂಬಂಧವಿಲ್ಲ. ಮನೆಗೆ ಸುಣ್ಣ ಬಳಿದರೆ ಫ್ಯಾನ್ ತಿರುಗುತ್ತದೆಯೇ?

ನಾನೂ ಒಮ್ಮೆ ಮೋಸ ಹೋದವನೇ. ಹಬ್ಬದ ಡಿಸ್ಕೌಂಟ್‌ನಲ್ಲಿ '4ಕೆ ಮೋಡಗಳು' ಅಂತ ಒಂದನ್ನು ಕೊಂಡೆ. ಹಾಕಿದ ಮೇಲೆ ಗೊತ್ತಾಯಿತು, ಅದರಲ್ಲಿ ಇದ್ದದ್ದು ಚಿತ್ರಗಳ ಒಂದು ಫೋಲ್ಡರ್, ಅಷ್ಟೇ. ಗ್ರಾಫಿಕ್ಸ್ ಕಾರ್ಡ್ ಬಿಸಿಯಾಯಿತು, ಫ್ರೇಮ್ ರೇಟ್ ಇಳಿಯಿತು, ಗಾಳಿ ಮೊದಲು ಹೇಗಿತ್ತೋ ಹಾಗೇ ಇತ್ತು.

ಹಂತ 3: ಆವೃತ್ತಿ ಸಂಖ್ಯೆ ಹೊಂದುತ್ತದಾ ನೋಡಿ. ಎಕ್ಸ್-ಪ್ಲೇನ್ 11ರದ್ದು 12ಕ್ಕೆ ಆಗುತ್ತದೆ ಅಂತ ಯಾರೋ ಹೇಳಿದರೆ ನಂಬಬೇಡಿ, ಮಾರುವವರ ಪುಟದಲ್ಲೇ ಓದಿ.

ಹಂತ 4: ಗೊತ್ತಿರುವ ಆಕಾಶದಲ್ಲಿ ಪರೀಕ್ಷೆ

ಜನ ತಪ್ಪುವುದೇ ಇಲ್ಲಿ. ಕೊಳ್ಳುವ ಮೊದಲು ಈ ಪರೀಕ್ಷೆಯನ್ನು ನಿಮ್ಮ ಸಿಮ್ ಜೊತೆ ಬಂದ ಹವಾಮಾನಕ್ಕೇ ಮಾಡಿ. ಅದು ಪಾಸಾದರೆ ದುಡ್ಡು ಉಳಿಯಿತು. ಫೇಲಾದರೆ ಯಾವ ವಿಷಯದಲ್ಲಿ ಅಂತ ಬರೆದಿಟ್ಟುಕೊಳ್ಳಿ, ಆಡ್-ಆನ್ ಹುಡುಕಬೇಕಾದ್ದು ಅದಕ್ಕಾಗಿ ಮಾತ್ರ. ಆಮೇಲೆ ಟ್ರಯಲ್ ಇರುವ ಆಡ್-ಆನ್ ತಂದು ಅದೇ ಪರೀಕ್ಷೆ ಮಾಡಿ. ಟ್ರಯಲ್ ಇಲ್ಲದಿದ್ದರೆ ಬೇರೆಯವರು ಹಾರಿಸಿದ ವಿಡಿಯೊ ನೋಡಿ. ಆದರೆ ಕಿಟಕಿಯಾಚೆಯ ಮೋಡ ನೋಡಬೇಡಿ, ಅವರ ನ್ಯಾವಿಗೇಶನ್ ಪರದೆ ನೋಡಿ. ಏರ್‌ಬಸ್‌ನಲ್ಲಾದರೆ ಆ ಪರದೆಯ ಎಡ ಮೂಲೆಯಲ್ಲಿ ಗಾಳಿಯ ದಿಕ್ಕು, ವೇಗ, ಪುಟ್ಟದೊಂದು ಬಾಣ ಇರುತ್ತದೆ. ನಿಜ ಹೇಳುವುದು ಅದೇ.

ಮೊದಲು ನೆಲದ ಮೇಲಿನ ಪರೀಕ್ಷೆ. ಅಮೆರಿಕದ ಏವಿಯೇಶನ್ ವೆದರ್ ಸೆಂಟರ್‌ನ ತಾಣದಲ್ಲಿ ಯಾವ ನಿಲ್ದಾಣದ ಮೆಟಾರ್ ಆದರೂ ಪುಕ್ಕಟೆ ಸಿಗುತ್ತದೆ. ಬೆಂಗಳೂರಿನ ಸಂಕೇತ ವಿಒಬಿಎಲ್, ಮಂಗಳೂರಿನದು ವಿಒಎಂಎಲ್. ಮಳೆಗಾಲದ ಒಂದು ವರದಿ ಹೀಗಿರಬಹುದು:

ವಿಒಎಂಎಲ್ 150930ಜೆಡ್ 24012ಜಿ24ಕೆಟಿ 2000 +ಆರ್‌ಎ ಬಿಕೆಎನ್010 ಒವಿಸಿ080 25/24 ಕ್ಯೂ1005

ನೋಡಿ ಹೆದರಬೇಡಿ. 15ನೇ ತಾರೀಕು, ಜೆಡ್ ಸಮಯ (ಜಗತ್ತಿಗೆಲ್ಲ ಒಂದೇ ಆದ ಗಡಿಯಾರ) 9.30. ಅದಕ್ಕೆ ಐದೂವರೆ ಗಂಟೆ ಸೇರಿಸಿದರೆ ನಮ್ಮ ಗಡಿಯಾರದಲ್ಲಿ ಮಧ್ಯಾಹ್ನ 3. ಗಾಳಿ 240 ಡಿಗ್ರಿಯಿಂದ, ಅಂದರೆ ಹೆಚ್ಚುಕಮ್ಮಿ ನೈಋತ್ಯದಿಂದ 12 ನಾಟ್, ನಡುನಡುವೆ 24ಕ್ಕೆ ಏರುತ್ತದೆ. ಕಣ್ಣಿಗೆ ಕಾಣುವುದು 2000 ಮೀಟರ್. ಜೋರು ಮಳೆ. 1000 ಅಡಿಯಲ್ಲಿ ಆಕಾಶದ ಅರ್ಧಕ್ಕಿಂತ ಹೆಚ್ಚು ಭಾಗ ಮುಚ್ಚಿದ ಮೋಡ, 8000 ಅಡಿಯಲ್ಲಿ ಪೂರ್ತಿ ಮುಚ್ಚಿದ ಆಕಾಶ. ಉಷ್ಣತೆ 25, ಇಬ್ಬನಿ ಬಿಂದು 24. ಒತ್ತಡ 1005.

ಈಗ ಸಿಮ್‌ನಲ್ಲಿ ಅದೇ ರನ್‌ವೇ ಮೇಲೆ ವಿಮಾನ ನಿಲ್ಲಿಸಿ ಇವಿಷ್ಟನ್ನೂ ತಾಳೆ ಹಾಕಿ. ಗಾಳಿ ಹತ್ತಿಪ್ಪತ್ತು ಡಿಗ್ರಿ ಆಚೀಚೆ ಆದರೆ ಪರವಾಗಿಲ್ಲ. 60 ಡಿಗ್ರಿಯಿಂದ ಬೀಸುತ್ತಿದ್ದರೆ ನೀವು ರನ್‌ವೇಯ ತಪ್ಪು ತುದಿಯಿಂದ ಇಳಿಯುತ್ತೀರಿ. ಬಜ್ಪೆ ಗುಡ್ಡದ ನೆತ್ತಿಯ ಮೇಲಿನ ರನ್‌ವೇ, ಅಲ್ಲಿ ಬೆನ್ನುಗಾಳಿ ಜೊತೆ ಆಟವಲ್ಲ. ಸಿಮ್ ಹಾರಿಸುವವರೂ ಕಂಟ್ರೋಲರ್ ಆಗಿ ಕೂರುವವರೂ ಸೇರುವ ವ್ಯಾಟ್‌ಸಿಮ್ ಥರದ ಆನ್‌ಲೈನ್ ಜಾಲದಲ್ಲಿ ಹಾರಿಸುವವರಿಗಂತೂ ಇದು ದೊಡ್ಡ ವಿಷಯ. ಅಲ್ಲಿನ ಕಂಟ್ರೋಲರ್ ನಿಜವಾದ ಮೆಟಾರ್ ನೋಡಿ ರನ್‌ವೇ ಕೊಡುತ್ತಾರೆ, ನಿಮ್ಮ ಪರದೆ ನೋಡಿ ಅಲ್ಲ.

ಬೆಂಗಳೂರಿನಲ್ಲಿ ಇನ್ನೊಂದು ಸಂಗತಿ ನೋಡಬೇಕು. ಮೆಟಾರ್‌ನಲ್ಲಿ ಮೋಡದ ಎತ್ತರ ಹೇಳುವುದು ನಿಲ್ದಾಣದ ನೆಲದಿಂದ. ಕೆಂಪೇಗೌಡ ನಿಲ್ದಾಣ ಇರುವುದೇ ಸಮುದ್ರ ಮಟ್ಟದಿಂದ ಸುಮಾರು 3000 ಅಡಿ ಮೇಲೆ. ವರದಿ 2000 ಅಡಿ ಅಂದರೆ ನಿಮ್ಮ ಆಲ್ಟಿಮೀಟರ್ 5000 ತೋರಿಸುವಾಗ ಮೋಡಕ್ಕೆ ಮೂತಿ ತಾಗಬೇಕು. ಸಾಫ್ಟ್‌ವೇರ್ ಸಮುದ್ರ ಮಟ್ಟದಿಂದ 2000 ಅಂತ ತಿಳಿದರೆ ಮೋಡ ದೇವನಹಳ್ಳಿಯ ದ್ರಾಕ್ಷಿ ತೋಟದ ಕೆಳಗೆ ಹೂತು ಹೋಗಿರುತ್ತದೆ.

ಇನ್ನು ಮೇಲಿನ ಗಾಳಿ. ನನ್ನ ಕೇಳಿದರೆ ಬೇರೆ ಯಾವ ಪರೀಕ್ಷೆ ಬಿಟ್ಟರೂ ಇದನ್ನು ಬಿಡಬೇಡಿ. ಮೆಟಾರ್ ಹೇಳುವುದು ನೆಲದ ಗಾಳಿಯನ್ನು ಮಾತ್ರ. 35 ಸಾವಿರ ಅಡಿಯಲ್ಲಿ ಏನಿದೆ ಅಂತ ತಿಳಿಯಲು ಜಿಎಫ್‌ಎಸ್‌ನಂಥ ಮಾದರಿ ಬೇಕು. ಸೋಮಾರಿ ಸಾಫ್ಟ್‌ವೇರ್ ನೆಲದ ಗಾಳಿಯನ್ನೇ ದೋಸೆ ಹಿಟ್ಟಿನ ಹಾಗೆ ಮೇಲಕ್ಕೆ ಎಳೆದು ಬಿಡುತ್ತದೆ. ಇದನ್ನು ಹಿಡಿಯಲು ನಮ್ಮ ಮುಂಗಾರಿಗಿಂತ ಒಳ್ಳೆಯ ಬಲೆ ಇಲ್ಲ.

ಜುಲೈನಲ್ಲೋ ಆಗಸ್ಟ್‌ನಲ್ಲೋ ಬೆಂಗಳೂರಿನಿಂದ ಮೇಲೇರಿ. 5000ದಿಂದ 10 ಸಾವಿರ ಅಡಿವರೆಗೆ ಪಶ್ಚಿಮದ ಗಾಳಿ ಜೋರಾಗಿರಬೇಕು, ಮುಂಗಾರು ನಮಗೆ ಬರುವುದೇ ಆ ಗಾಳಿ ಮೇಲೆ ಕೂತು. 20 ಸಾವಿರ ದಾಟುವ ಹೊತ್ತಿಗೆ ಅದು ಸೋಲುತ್ತಾ ಬರುತ್ತದೆ, ಬಾಣ ಅತ್ತಿತ್ತ ಅಲೆಯುತ್ತದೆ. 35 ಸಾವಿರದ ಮೇಲೆ ಗಾಳಿ ಪೂರ್ವದಿಂದ ಬೀಸುತ್ತಿರಬೇಕು. ಮಳೆಗಾಲದಲ್ಲಿ ದಕ್ಷಿಣ ಭಾರತದ ನೆತ್ತಿಯ ಮೇಲೆ ಪೂರ್ವದಿಂದ ಪಶ್ಚಿಮಕ್ಕೆ ಜೆಟ್ ಪ್ರವಾಹವೇ ಹರಿಯುತ್ತದೆ. ಅಂದರೆ ಒಂದೇ ಏರಿಕೆಯಲ್ಲಿ ಬಾಣ ಪೂರ್ತಿ ಹಿಂದುಮುಂದಾಗಬೇಕು. ಆಗಲಿಲ್ಲವಾದರೆ ಆ ಸಾಫ್ಟ್‌ವೇರ್ ಬೇಡ, ಮೋಡ ಎಷ್ಟೇ ಚೆಂದ ಇರಲಿ.

ಚಳಿಗಾಲದಲ್ಲಿ ಪರೀಕ್ಷೆ ಮಾಡುವವರು ದೆಹಲಿಗೆ ಹೊರಡಿ. ನಾಗಪುರ ದಾಟಿ ಉತ್ತರಕ್ಕೆ ಹೋದಂತೆ ಮೇಲೆ ಪಶ್ಚಿಮದ ಗಾಳಿ ಏರುತ್ತಾ ದೆಹಲಿ ಹತ್ತಿರ 100 ನಾಟ್ ಆಸುಪಾಸು ಮುಟ್ಟುವುದು ಅಲ್ಲಿ ಮಾಮೂಲು. ಆ ದಿನದ ನಿಜವಾದ ಅಂಕಿ ಬೇಕಿದ್ದರೆ ಗಾಳಿಯ ನಕ್ಷೆ ತೋರಿಸುವ ವಿಂಡಿ ತಾಣ ತೆರೆದು ಎತ್ತರದ ಪಟ್ಟಿಯಲ್ಲಿ 34 ಸಾವಿರ ಅಥವಾ 39 ಸಾವಿರ ಅಡಿ ಆರಿಸಿ, ದಾರಿಯ ಮೇಲೆ ಬೆರಳಿಡಿ. ಹಾರಾಟದ ಪ್ಲಾನ್ ಮಾಡಿಕೊಡುವ ಸಿಮ್‌ಬ್ರೀಫ್‌ನಲ್ಲಿ ಇಂಧನದ ಲೆಕ್ಕ ಹಾಕುವವರಿಗೆ ಈ ಕಿರಿಕಿರಿ ಗೊತ್ತು. ಪ್ಲಾನ್‌ನಲ್ಲಿ ಒಂದು ಗಾಳಿ, ಸಿಮ್‌ನಲ್ಲಿ ಇನ್ನೊಂದು ಇದ್ದರೆ ಇಳಿಯುವಾಗ ಟ್ಯಾಂಕಿನ ಲೆಕ್ಕ ತಪ್ಪುತ್ತದೆ.

ಮೇಲೆ ಇರುವಾಗಲೇ ಕೆಳಗೆ ನೋಡಿ. ಮೆಟಾರ್‌ನಲ್ಲಿ 9999 ಅಂತ ಇದ್ದರೆ ಕಾಣುವ ದೂರ '10 ಕಿಲೋಮೀಟರ್ ಅಥವಾ ಜಾಸ್ತಿ' ಎಂದರ್ಥ. ಸರಿಯಾಗಿ ಹತ್ತೇ ಅಂತಲ್ಲ. ಅದನ್ನು ಅಕ್ಷರಶಃ ನಂಬಿದ ಸಾಫ್ಟ್‌ವೇರ್ ಹತ್ತನೇ ಕಿಲೋಮೀಟರ್‌ಗೆ ಬೂದು ಗೋಡೆ ಕಟ್ಟಿಬಿಡುತ್ತದೆ. ನೆಲದ ಮಂಜು 30 ಸಾವಿರ ಅಡಿಯಲ್ಲೂ ಹಿಂಬಾಲಿಸಿದರೆ ಅದೂ ಫೇಲ್.

ಕೊನೆಯದಾಗಿ, ಎರಡು ನಿಲ್ದಾಣಗಳ ನಡುವಿನ ಜಾಗ. ಬೆಂಗಳೂರು ಮತ್ತು ಮಂಗಳೂರಿನ ನಡುವೆ ನೇರ ದಾರಿ ಸುಮಾರು 300 ಕಿಲೋಮೀಟರ್. ಬರೀ ಮೆಟಾರ್ ನಂಬುವ ಎಂಜಿನ್ ಈ ತುದಿಯ ಬಿಸಿಲು, ಆ ತುದಿಯ ಮಳೆ ಎರಡನ್ನೂ ಕಲಸಿ ಮಧ್ಯೆ ಅರ್ಧಂಬರ್ಧ ಮೋಡ ಹಾಕುತ್ತದೆ. ಆದರೆ ಜುಲೈನಲ್ಲಿ ಶಿರಾಡಿ ಘಾಟಿಯ ಮೇಲೆ ಏನಿರುತ್ತದೆ ಅಂತ ಬಸ್ಸಲ್ಲಿ ಹೋದವರಿಗೂ ಗೊತ್ತು! ಮಾದರಿ ಬಳಸುವ ಎಂಜಿನ್ ಅಲ್ಲಿ ಮೋಡ ರಾಶಿ ಹಾಕುತ್ತದೆ. ಪೂರ್ತಿ ಸರಿ ಇರುವುದಿಲ್ಲ, ಜಿಎಫ್‌ಎಸ್ ಮಾಹಿತಿಯ ಒಂದೊಂದು ಚೌಕ ಸುಮಾರು 28 ಕಿಲೋಮೀಟರ್ ಅಗಲ. ಒಂದೇ ಚೌಕದಲ್ಲಿ ಸಕಲೇಶಪುರವೂ ಘಾಟಿಯ ಕೆಳಗಿನ ಊರೂ ಬಿದ್ದರೆ ಅದು ತಾನೆ ಏನು ಮಾಡೀತು. ಆದರೂ ಏನೂ ಇಲ್ಲದ್ದಕ್ಕಿಂತ ವಾಸಿ.

ಹಂತ 5: ಹಾಕುವಾಗ

ಸಿಮ್‌ನ ಲೈವ್ ಹವಾಮಾನ ಆಫ್ ಮಾಡಿ. ಮೊದಲು ಆಫ್, ಆಮೇಲೆ ಆಡ್-ಆನ್. ಇದಕ್ಕೆ ಒಂದು ವಿನಾಯಿತಿ ಇದೆ: ಮೈಕ್ರೋಸಾಫ್ಟ್ ಸಿಮ್‌ನ ಆಕ್ಟಿವ್ ಸ್ಕೈನಲ್ಲಿ 'ಪ್ಯಾಸಿವ್' ಅಂತ ಒಂದು ಬಗೆ ಉಂಟು. ಅದರಲ್ಲಿ ಸಿಮ್‌ನ ಹವಾಮಾನವೇ ಓಡುತ್ತದೆ, ಆಡ್-ಆನ್ ಪಕ್ಕದಲ್ಲಿ ಕೂತು ಟರ್ಬುಲೆನ್ಸ್‌ನಂಥ ಸಣ್ಣ ಕೆಲಸ ಮಾಡುತ್ತದೆ.

ಮೈಕ್ರೋಸಾಫ್ಟ್ ತನ್ನ ಹವಾಮಾನದ ಬಾಗಿಲನ್ನು ಹೊರಗಿನವರಿಗೆ ಪೂರ್ತಿ ತೆರೆದಿಲ್ಲ. ಆಡ್-ಆನ್‌ಗಳು ಸಿದ್ಧ ಹವಾಮಾನದ ಫೈಲ್ ಬರೆದು ಒಳಗೆ ತಳ್ಳುತ್ತವೆ. ಹಾಗಾಗಿ ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಇಡೀ ಆಕಾಶ ಒಮ್ಮೆಗೇ ಬದಲಾದ ಹಾಗೆ ಕಾಣಬಹುದು. ನಿಮ್ಮ ಕಂಪ್ಯೂಟರ್ ಕೆಟ್ಟಿದೆ ಅಂತ ಸರ್ವಿಸ್‌ನವರನ್ನು ಕರೆಯಬೇಡಿ.

'ವಿಂಡ್ ಸ್ಮೂದಿಂಗ್' (ಗಾಳಿಯನ್ನು ಮೆತ್ತಗೆ ಬದಲಿಸುವುದು) ಅಂತ ಆಯ್ಕೆ ಇದ್ದರೆ ಆನ್ ಮಾಡಿ. ದೊಡ್ಡ ನಿಲ್ದಾಣಗಳಲ್ಲಿ ಅರ್ಧ ಗಂಟೆಗೊಮ್ಮೆ ಹೊಸ ಮೆಟಾರ್ ಬರುತ್ತದೆ. ಮೆತ್ತಗೆ ಬದಲಾಗದಿದ್ದರೆ ಗಾಳಿ ಹಾರಿ ಬಿದ್ದು ಆಟೋಪೈಲಟ್ ಕೈ ಬಿಡುತ್ತದೆ.

ದುಡ್ಡಿನ ವಿಷಯ

ಬಿಡುಗಡೆಯಾದ ವಾರದಲ್ಲೇ ಯಾವುದನ್ನೂ ಕೊಳ್ಳಬೇಡಿ, ಮೂರು ಅಪ್‌ಡೇಟ್ ಬರಲಿ. ಸ್ಟೀಮ್‌ನಲ್ಲಿ ಕೊಂಡರೆ 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಬಳಸಿದ್ದರೆ ರೀಫಂಡ್ ಕೇಳಬಹುದು. ಬೇರೆ ಅಂಗಡಿಗಳ ನಿಯಮ ಬೇರೆ, ಕಾರ್ಡ್ ನಂಬರ್ ಒತ್ತುವ ಮೊದಲೇ ಓದಿ. ಕ್ರ್ಯಾಕ್ ಮಾಡಿದ್ದು ಪುಕ್ಕಟೆ ಸಿಗುತ್ತದೆ ಅಂತ ಗೆಳೆಯ ಲಿಂಕ್ ಕಳಿಸಿದರೆ ಅಳಿಸಿ. ಹವಾಮಾನ ಬರುವುದು ತಯಾರಕರ ಸರ್ವರ್‌ನಿಂದ, ಆ ಬಾಗಿಲು ಮುಚ್ಚಿದರೆ ನಿಮ್ಮ ಕೈಯಲ್ಲಿ ಉಳಿಯುವುದು ಖಾಲಿ ಡಬ್ಬ, ಜೊತೆಗೆ ವೈರಸ್ ಬಂದರೂ ಬಂತು.

ಎರಡರಲ್ಲಿ ಒಂದನ್ನು ಆರಿಸಬೇಕಾದರೆ ಹಳೆಯ ದಿನಾಂಕದ ಹವಾಮಾನ ಕೊಡುವುದನ್ನು ಕೊಳ್ಳಿ. ನಾವೆಲ್ಲ ಹಾರಿಸುವುದು ಊಟ ಮುಗಿಸಿ ರಾತ್ರಿ ಹತ್ತಕ್ಕೆ. ಸಿಮ್‌ನ ಗಡಿಯಾರವನ್ನು ಮಧ್ಯಾಹ್ನಕ್ಕೆ ತಿರುಗಿಸಿದರೂ ಲೈವ್ ಹವಾಮಾನ ರಾತ್ರಿಯದ್ದೇ ಬರುತ್ತದೆ. ಅದೇ ದಿನ ಮಧ್ಯಾಹ್ನ 3ರ ಬಜ್ಪೆಯ ಮಳೆ ಬೇಕಿದ್ದರೆ ಈ ಸೌಲಭ್ಯ ಬೇಕು.

ಮೂರನೇ ಮಹಡಿಯ ಹುಡುಗ ಈಗ ಒಂದೇ ಎಂಜಿನ್ ಓಡಿಸುತ್ತಾನೆ. ಆಗಸ್ಟ್‌ನ ಒಂದು ಭಾನುವಾರ ಫೋನ್ ಮಾಡಿದ: "ಅಂಕಲ್, 26 ಸಾವಿರದಲ್ಲಿ ಬಾಣ ತಿರುಗ್ತು!"